ಕಲ್ಲಿನೊಳಗಿಂದ ಬೆಳಕು: ಅಲಬಾಸ್ಟರ್ ದೀಪಗಳ ಕಥೆ

ಮನೆಗೆ ನೆಲ ಹಾಸಿದಾಗ ಉಳಿದ ಬಿಳಿ ಅಮೃತಶಿಲೆಯ ತುಂಡೊಂದು ಸಿಕ್ಕರೆ, ಕತ್ತಲೆ ಕೋಣೆಯಲ್ಲಿ ಅದರ ಅಂಚಿಗೆ ಟಾರ್ಚನ್ನು ಒತ್ತಿ ಹಿಡಿದು ನೋಡಿ. ಟಾರ್ಚು ತಾಗಿದ ಜಾಗದ ಸುತ್ತ ಕಲ್ಲು ಒಳಗಿನಿಂದಲೇ ಹೊತ್ತಿಕೊಂಡಂತೆ ಕಾಣುತ್ತದೆ. ಬೆಳಕನ್ನು ಹೀಗೆ ಒಳಗೆ ಬಿಟ್ಟುಕೊಂಡು, ಮೃದುವಾಗಿಸಿ ಹೊರಬಿಡುವ ಕಲ್ಲುಗಳನ್ನು ಕೊರೆದು, ಉಜ್ಜಿ, ಹೊಳಪು ಕೊಟ್ಟು ದೀಪಗಳನ್ನೂ ದೀಪದ ಮರೆಗಳನ್ನೂ (ಲ್ಯಾಂಪ್‌ಶೇಡ್) ಮಾಡುವ ಕಸುಬು ಮೂರು ಸಾವಿರ ವರ್ಷಗಳಿಗೂ ಹಳೆಯದು. ಈ ಕಸುಬಿಗೆ ಮೊದಲಿನಿಂದಲೂ ಒಂದು ಪೇಚು ಅಂಟಿಕೊಂಡಿತ್ತು. ಬೇಕಾದದ್ದು ಬೆಳಕು, ಆದರೆ ದೀಪವೆಂದಮೇಲೆ ಬೆಳಕಿನ ಜೊತೆಗೆ ಶಾಖವೂ ಬರುತ್ತಿತ್ತು.

ಒಂದು ಹೆಸರು, ಎರಡು ಕಲ್ಲು

ಇಂಥ ಕಲ್ಲುಗಳಲ್ಲಿ ಹೆಸರಾದದ್ದು ಅಲಬಾಸ್ಟರ್. ಈ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ಖನಿಜಗಳನ್ನು ಕರೆಯುತ್ತಾರೆ. ಪ್ರಾಚೀನ ಈಜಿಪ್ಟಿನ ಅಲಬಾಸ್ಟರ್ ಎಂದರೆ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಯೂರೋಪಿನ ಅಲಬಾಸ್ಟರ್ ಎಂದರೆ ಜಿಪ್ಸಂ, ಅಂದರೆ ನೀರಿನ ಅಣುಗಳನ್ನು ಒಳಗೊಂಡ ಕ್ಯಾಲ್ಸಿಯಂ ಸಲ್ಫೇಟ್. ಗುರುತಿಸುವುದು ಸುಲಭ. ಮೋಸ್ ಕಾಠಿಣ್ಯ ಮಾನದಲ್ಲಿ ಜಿಪ್ಸಮ್ಮಿನ ಅಂಕ 2, ಕ್ಯಾಲ್ಸೈಟಿನದು 3. ನಮ್ಮ ಉಗುರು ಇವೆರಡರ ನಡುವಿನದು. ಆದ್ದರಿಂದ ಉಗುರಿನಿಂದ ಗೀರಿದರೆ ಜಿಪ್ಸಂ ಮೇಲೆ ಗೆರೆ ಮೂಡುತ್ತದೆ, ಕ್ಯಾಲ್ಸೈಟಿನ ಮೇಲೆ ಮೂಡುವುದಿಲ್ಲ.

ಅರಸನ ದೀಪ

1922ರಲ್ಲಿ ಹೊವಾರ್ಡ್ ಕಾರ್ಟರ್ ಪತ್ತೆಹಚ್ಚಿದ ತುತಾಂಖಾಮನ್ನನ ಗೋರಿಯಲ್ಲಿ ಕ್ಯಾಲ್ಸೈಟಿನ ದೀಪವೊಂದು ದೊರೆಯಿತು. ಅದು ಸುಮಾರು 3300 ವರ್ಷ ಹಳೆಯದು. ಹೊರಗಿನಿಂದ ನೋಡಿದರೆ ಬಿಳಿ ಬಟ್ಟಲು, ಅಷ್ಟೇ. ಒಳಗೆ ಬೆಳಕಿಟ್ಟರೆ ಮಾತ್ರ ಅರಸ ಮತ್ತು ರಾಣಿಯ ವರ್ಣಚಿತ್ರ ಮೂಡುತ್ತದೆ! ಇದರ ಗುಟ್ಟು ಹೀಗಿದೆ: ದೊಡ್ಡ ಬಟ್ಟಲಿನೊಳಗೆ ತೆಳುವಾದ ಇನ್ನೊಂದು ಬಟ್ಟಲನ್ನು ಕೂರಿಸಿ, ಆ ಒಳಬಟ್ಟಲಿನ ಹೊರಮೈಗೆ ಚಿತ್ರ ಬರೆದಿದ್ದಾರೆ.

ಚಿತ್ರವನ್ನು ಒಳಮೈಗೆ ಏಕೆ ಬರೆಯಲಿಲ್ಲ? ದೀಪದ ಮುಂದೆ ಒಂದು ಬೆಣ್ಣೆ ಕಾಗದ ಹಿಡಿದು, ಕಾಗದದ ಹಿಂದೆ ನಿಮ್ಮ ಬೆರಳಿಡಿ. ಬೆರಳು ಕಾಗದಕ್ಕೆ ತಾಗಿದ್ದರೆ ನೆರಳು ಸ್ಪಷ್ಟ. ದೂರ ಸರಿದಂತೆ ಮಸುಕು. ಚಿತ್ರಕ್ಕೂ ನೋಡುವವನಿಗೂ ನಡುವೆ ಬೆಳಕನ್ನು ಚದುರಿಸುವ ಕಲ್ಲು ಕಡಿಮೆಯಿದ್ದಷ್ಟೂ ಗೆರೆಗಳು ಚೆನ್ನಾಗಿ ಕಾಣುತ್ತವೆ. ಸೂತ್ರ ಗೊತ್ತಿರಲಿ ಬಿಡಲಿ, ಆ ಕುಶಲಿಗೆ ಫಲ ಗೊತ್ತಿತ್ತು.

ಇಲ್ಲಿ ನಡೆಯುವ ಕ್ರಿಯೆಯ ಹೆಸರು ಚದರಿಕೆ. ಕಲ್ಲು ಸಾವಿರಾರು ಹರಳುಗಳ ಕೂಟ. ಹರಳಿನಿಂದ ಹರಳಿಗೆ ದಾಟುವಾಗ ವಕ್ರೀಭವನ ಸೂಚ್ಯಂಕ ಬದಲಾದರೆ ಬೆಳಕು ದಾರಿ ತಪ್ಪುತ್ತದೆ. ಕ್ಯಾಲ್ಸೈಟಿನಲ್ಲಿ ಈ ಸೂಚ್ಯಂಕ ದಿಕ್ಕಿಗೆ ತಕ್ಕಂತೆ 1.49ರಿಂದ 1.66ರವರೆಗೆ ವ್ಯತ್ಯಾಸವಾಗುತ್ತದೆ. ಜಿಪ್ಸಮ್ಮಿನಲ್ಲಿ ಅದು 1.52 ಮತ್ತು 1.53ರ ನಡುವೆಯೇ ಉಳಿಯುತ್ತದೆ. ಹಾಗಾಗಿ ಸಣ್ಣ ಹರಳುಗಳಿದ್ದರೂ ಒಳ್ಳೆಯ ಜಿಪ್ಸಂ ಕಲ್ಲು ಧಾರಾಳವಾಗಿ ಬೆಳಕು ಬಿಡುತ್ತದೆ.

ವೊಲ್ತೆರ್ರಾದ ಕುಶಲಿಗಳು

ಇಟಲಿಯ ತೊಸ್ಕಾನಾ ಪ್ರಾಂತದ ಬೆಟ್ಟದೂರು ವೊಲ್ತೆರ್ರಾ. ಕ್ರಿಸ್ತಪೂರ್ವದಲ್ಲೇ ಎಟ್ರುಸ್ಕನ್ ಜನರು ಇಲ್ಲಿ ಜಿಪ್ಸಂ ಅಲಬಾಸ್ಟರಿನಲ್ಲಿ ಚಿತಾಭಸ್ಮದ ಪೆಟ್ಟಿಗೆಗಳನ್ನು ಕೆತ್ತುತ್ತಿದ್ದರು. ಸುತ್ತಲಿನ ನೆಲದಲ್ಲಿ ಈ ಕಲ್ಲು ಉಂಡೆಗಳಾಗಿ ಸಿಗುತ್ತದೆ. ಉಂಡೆಯನ್ನು ಲೇತಿಗೆ ಕಟ್ಟಿ, ಉಳಿಯಿಂದ ಒಳಭಾಗ ತೋಡಿ, ಗೋಡೆಯನ್ನು ತೆಳುವಾಗಿಸುತ್ತಾರೆ. ದಪ್ಪ ಎಲ್ಲೆಡೆ ಒಂದೇ ಸಮವಿರಬೇಕು. ಇಲ್ಲವಾದರೆ ದೀಪ ಹೊತ್ತಿಸಿದೊಡನೆ ಉಬ್ಬುತಗ್ಗೆಲ್ಲ ಕಪ್ಪುಬಿಳುಪಾಗಿ ಎದ್ದು ತೋರುತ್ತದೆ. ಆಮೇಲೆ ಒರಟಿನಿಂದ ನಯದವರೆಗೆ ಉಜ್ಜುಕಾಗದದ ಸರದಿ, ಕೊನೆಗೆ ಮೇಣ. ಮೇಣ ಬರೀ ಅಂದಕ್ಕಲ್ಲ. ಮೇಲ್ಮೈಯ ಸೂಕ್ಷ್ಮ ಗುಳಿಗಳಲ್ಲಿ ಗಾಳಿಯಿದ್ದರೆ ಬೆಳಕು ಚದುರುತ್ತದೆ. ಸೂಚ್ಯಂಕದಲ್ಲಿ ಕಲ್ಲಿಗೆ ಹತ್ತಿರವಾದ ಮೇಣ ತುಂಬಿಕೊಂಡರೆ ಚದರಿಕೆ ಇಳಿಯುತ್ತದೆ.

ವಿದ್ಯುದ್ದೀಪ ಬಂದಮೇಲೆ ಅಲಬಾಸ್ಟರ್ ಮರೆಗಳಿಗೆ ಹೊಸ ಬೇಡಿಕೆ ಹುಟ್ಟಿತು. 1920ರ ದಶಕದಲ್ಲಿ ಫ್ರಾನ್ಸಿನ ವಿನ್ಯಾಸಕಾರ ಪಿಯೆರ್ ಶಾರೋ ಅಲಬಾಸ್ಟರ್ ಹಲಗೆಗಳನ್ನು ಲೋಹದ ಜೊತೆ ಜೋಡಿಸಿ ಮಾಡಿದ ದೀಪಗಳು ಪ್ರಸಿದ್ಧವಾದವು. ಆದರೆ ಪೇಚು ಬಿಗಿಯಾದದ್ದೂ ಆಗಲೇ.

ಶಾಖದ ಕಾಟ

ತಂತುವಿನ ಬಲ್ಬಿಗೆ ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಬೆಳಕಾಗುವುದಿಲ್ಲ. ಬಹುಪಾಲು ಅವಕೆಂಪು ಕಿರಣಗಳಾಗಿ, ಶಾಖವಾಗಿ ಹೋಗುತ್ತದೆ. ಕ್ಯಾಲ್ಸೈಟ್ ಇದಕ್ಕೆ ಜಗ್ಗುವುದಿಲ್ಲ. ಜಿಪ್ಸಮ್ಮಿನ ಪಾಡು ಬೇರೆ. ಅದರ ತೂಕದಲ್ಲಿ ಸುಮಾರು ನೂರಕ್ಕೆ 21 ಪಾಲು ನೀರು. ಕಾಯಿಸಿದರೆ ಈ ನೀರು ಬಿಟ್ಟುಹೋಗುತ್ತದೆ. ಸುಮಾರು 120ರಿಂದ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜಿಪ್ಸಮ್ಮನ್ನು ಕಾಯಿಸಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್ ತಯಾರಿಸುವುದು. ಗಣೇಶನ ಮೂರ್ತಿಗೂ ಮುರಿದ ಮೂಳೆಯ ಪಟ್ಟಿಗೂ ಬಳಸುವ ಅದೇ ಪುಡಿ. ದೀರ್ಘಕಾಲ ಶಾಖ ತಾಗುತ್ತಿದ್ದರೆ ಇದಕ್ಕಿಂತ ಕಡಿಮೆ ತಾಪದಲ್ಲೂ ನೀರು ನಿಧಾನವಾಗಿ ಹೋಗತೊಡಗುತ್ತದೆ. ಆಗ ಕಲ್ಲಿನಲ್ಲಿ ಸೂಕ್ಷ್ಮ ಬಿರುಕುಗಳು ಹುಟ್ಟಿ, ಗಾಳಿ ಹೊಕ್ಕು, ಬೆಳಕು ಬಿಡುತ್ತಿದ್ದ ಕಲ್ಲು ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಹೋದ ಬೆಳಕು ಮರಳಿ ಬಾರದು. ಕುಶಲಿಯ ಅಷ್ಟು ದಿನದ ಶ್ರಮ, ಹತ್ತಿರದಲ್ಲಿಟ್ಟ ಒಂದು ಬಲ್ಬಿನಿಂದ ಹಾಳು.

ಈ ಗುಣ ಕುಶಲಿಗಳಿಗೆ ಚೆನ್ನಾಗಿ ತಿಳಿದಿತ್ತು. ಅಲಬಾಸ್ಟರನ್ನು ನೀರಿನಲ್ಲಿ ಮುಳುಗಿಸಿ ಕುದಿಯುವ ಹಂತದ ಸಮೀಪಕ್ಕೆ ಮೆಲ್ಲಗೆ ಕಾಯಿಸಿ, ಬೇಕೆಂದೇ ಅದರ ಪಾರದರ್ಶಕತೆ ತಗ್ಗಿಸಿ ಅಮೃತಶಿಲೆಯಂತೆ ಕಾಣಿಸುವ ಪದ್ಧತಿಯೇ ಇತ್ತು. ಮೂರ್ತಿಗೆ ವರವಾದದ್ದು ದೀಪಕ್ಕೆ ಶಾಪ.

ಹಾಗಾಗಿ ಬಟ್ಟಲನ್ನು ದೊಡ್ಡದಾಗಿ ಮಾಡಿ ಬಲ್ಬನ್ನು ದೂರವಿಡುವುದು, ಬಿಸಿಗಾಳಿ ಹೋಗಲು ಮೇಲ್ಭಾಗ ತೆರೆದಿಡುವುದು ಅಗತ್ಯವಾಯಿತು. ಬಿಸಿಲಿಗೂ ಇದೇ ಎಚ್ಚರ ಬೇಕು. 2002ರಲ್ಲಿ ತೆರೆದ ಲಾಸ್ ಏಂಜಲೀಸಿನ ಕೆಥೆಡ್ರಲ್‌ನಲ್ಲಿ ಅಲಬಾಸ್ಟರ್ ಕಿಟಕಿಗಳಿಗೆ ಬಿಸಿಲಿನ ಶಾಖ ತಟ್ಟದಂತೆ ಹೊರಗೆ ಗಾಜಿನ ತಡೆ ಹಾಕಿದ್ದಾರೆ.

ಪೇಚು ಸಡಿಲಿಸಿದ್ದು ಎಲ್‌ಇಡಿ. 1990ರ ದಶಕದಲ್ಲಿ ಪ್ರಕಾಶಮಾನ ನೀಲಿ ಎಲ್‌ಇಡಿ ಸಾಧ್ಯವಾದಮೇಲೆ ಬಿಳಿ ಬೆಳಕಿನ ಎಲ್‌ಇಡಿ ಬಂತು. ಅಕಸಾಕಿ, ಅಮಾನೊ, ನಕಮುರಾ ಅವರಿಗೆ ಇದಕ್ಕಾಗಿ 2014ರ ನೊಬೆಲ್ ಪ್ರಶಸ್ತಿ ಸಂದಿತು. ಎಲ್‌ಇಡಿಯಲ್ಲೂ ಶಾಖವಿದೆ. ಆದರೆ ಅದು ಬೆಳಕಿನೊಡನೆ ಮುಂದಕ್ಕೆ ಚಿಮ್ಮದೆ, ಹಿಂದಿನ ಲೋಹದ ಬುಡದ ಮೂಲಕ ಹೊರಹೋಗುತ್ತದೆ. ಕಲ್ಲಿಗೆ ತಲಪುವುದು ಹೆಚ್ಚುಕಡಿಮೆ ಬೆಳಕು ಮಾತ್ರ.

ನಿಮ್ಮ ಮನೆಯಲ್ಲಿ ಕಲ್ಲಿನ ದೀಪವಿದ್ದರೆ, ಕಣ್ಣಿಗೆ ಬೀಳದ ತಳಭಾಗದಲ್ಲಿ ಉಗುರಿನಿಂದ ಗೀರಿ ನೋಡಿ. ಗೆರೆ ಬಿದ್ದರೆ ಅದು ಜಿಪ್ಸಂ ಇರಬೇಕು. ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿ. ಜಿಪ್ಸಂ ನೀರಿನಲ್ಲಿ ಅಲ್ಪಸ್ವಲ್ಪ ಕರಗುವುದರಿಂದ ಒಣ ಬಟ್ಟೆಯಿಂದಲೇ ಒರೆಸಿ. ಗೆರೆ ಬೀಳದಿದ್ದರೆ ಕ್ಯಾಲ್ಸೈಟ್ ಇರಬಹುದು. ಅದಕ್ಕೆ ಶಾಖದ ಭಯವಿಲ್ಲ, ನಿಂಬೆಹುಳಿಯ ಭಯವುಂಟು. ಕಲ್ಲಿನ ಜಾತಿ ತಿಳಿದು ದೀಪ ಹಚ್ಚಿದರೆ, ಅದರ ಬೆಳಕು ಮೊಮ್ಮಕ್ಕಳ ಕಾಲಕ್ಕೂ ಉಳಿದೀತು.