ಬೆರಳಿಗೆ ಎಟುಕುವಷ್ಟೇ ಕೀಲಿ

ಅರವತ್ತೇ ಕೀಲಿಗಳಿರುವ ಪುಟ್ಟ ಮೆಕ್ಯಾನಿಕಲ್ ಕೀಬೋರ್ಡನ್ನು ಕಂಡವರು ಇದು ಈಚಿನವರ ಶೋಕಿ ಎಂದುಕೊಳ್ಳುವುದುಂಟು. ಬಣ್ಣಬಣ್ಣದ ಕ್ಯಾಪು, ಬಗೆಬಗೆಯ ಸ್ವಿಚ್ಚು, ಸಾವಿರಾರು ರೂಪಾಯಿಯ ಬೆಲೆ ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಕೀಲಿಗಳು ಎಷ್ಟಿರಬೇಕೆಂಬ ಜಗಳ ಹೆಚ್ಚುಕಡಿಮೆ ಬೆರಳಚ್ಚು ಯಂತ್ರದಷ್ಟೇ ಹಳೆಯದು, ಅದರಲ್ಲಿ ಮೊದಲು ಗೆದ್ದದ್ದು ಚಿಕ್ಕ ಮಣೆಯೇ. ನೂರೊಂದು ಕೀಲಿಯ ಉದ್ದನೆಯ ಮಣೆ ಬಂದದ್ದು ಬಹಳ ತಡವಾಗಿ, ಅದೂ ಕೈಯ ಅನುಕೂಲಕ್ಕಿಂತ ಕಚೇರಿಯ ಲೆಕ್ಕಾಚಾರಕ್ಕಾಗಿ.

1878ರಲ್ಲಿ ರೆಮಿಂಗ್ಟನ್ ಕಂಪನಿ ತನ್ನ ಬೆರಳಚ್ಚು ಯಂತ್ರದ ಎರಡನೆಯ ಮಾದರಿಗೆ ಶಿಫ್ಟ್ ಕೀಲಿ ಅಳವಡಿಸಿತು. ಅದಕ್ಕೆ ಮುಂಚಿನ ಮಾದರಿಯಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ಮೂಡುತ್ತಿದ್ದವು. ಒಂದೇ ಕೀಲಿಯಿಂದ ಎರಡು ಅಕ್ಷರ ಪಡೆಯುವ ಈ ಉಪಾಯ ಎಲ್ಲರಿಗೂ ಹಿಡಿಸಲಿಲ್ಲ. ಕ್ಯಾಲಿಗ್ರಾಫ್ ಯಂತ್ರದವರು ದೊಡ್ಡಕ್ಷರಕ್ಕೊಂದು, ಚಿಕ್ಕಕ್ಷರಕ್ಕೊಂದು ಎಂದು 72 ಕೀಲಿಗಳನ್ನು ಜೋಡಿಸಿದರು. 1888ರ ಜುಲೈ 25ರಂದು ಸಿನ್ಸಿನಾಟಿಯಲ್ಲಿ ಎರಡೂ ಯಂತ್ರಗಳು ಎದುರುಬದುರಾದವು. ರೆಮಿಂಗ್ಟನ್ನಿನ ಮುಂದೆ ಫ್ರ್ಯಾಂಕ್ ಮ್ಯಾಕ್‌ಗರಿನ್, ಕ್ಯಾಲಿಗ್ರಾಫಿನ ಮುಂದೆ ಲೂಯಿ ಟ್ರಾಬ್. ಹೇಳಿ ಬರೆಸಿದ ಭಾಗ, ನೋಡಿ ನಕಲು ಮಾಡುವ ಭಾಗ, ಎರಡರಲ್ಲೂ ಮ್ಯಾಕ್‌ಗರಿನ್ ಗೆದ್ದ. ಗಮನಿಸಬೇಕಾದದ್ದು ನಕಲಿನ ಭಾಗವನ್ನು. ಅಲ್ಲಿ ಟ್ರಾಬನ ವೇಗ ಇನ್ನಷ್ಟು ಕುಸಿಯಿತು, ಏಕೆಂದರೆ ಅವನ ಕಣ್ಣು ಕಾಗದಕ್ಕೂ ಕೀಲಿಗಳಿಗೂ ನಡುವೆ ಓಡಾಡಬೇಕಿತ್ತು. ಗೆದ್ದದ್ದು ಕೀಲಿ ನೋಡದೆ ಹತ್ತೂ ಬೆರಳಿನಲ್ಲಿ ಒತ್ತುವ ಅಭ್ಯಾಸವೇ ಹೊರತು ಶಿಫ್ಟ್ ಅಲ್ಲ ಎಂದು ಆಕ್ಷೇಪಿಸಬಹುದು. ಅದು ಅರ್ಧ ಸತ್ಯ. ಆ ಅಭ್ಯಾಸ ಬೇಕಾದರೆ ಕೈ ಒಂದೆಡೆ ನೆಲೆನಿಂತು, ಬೆರಳುಗಳು ಅಲ್ಲಿಂದಲೇ ಎಲ್ಲ ಕೀಲಿಗಳನ್ನೂ ಮುಟ್ಟುವಂತಿರಬೇಕು. ಎರಡು ಪಟ್ಟು ಕೀಲಿಗಳ ಮಣೆಯಲ್ಲಿ ಇದು ಅಸಾಧ್ಯವಲ್ಲದಿದ್ದರೂ ಕಷ್ಟ. ಸ್ಮಿತ್ ಪ್ರೀಮಿಯರ್ ಕಂಪನಿ 1908ರ ತನ್ನ ಹತ್ತನೆಯ ಮಾದರಿಯಲ್ಲೂ ಜೋಡಿ ಕೀಲಿಗಳನ್ನೇ ಉಳಿಸಿಕೊಂಡಿತ್ತು, ಕ್ರಮೇಣ ಆ ಬಗೆಯೇ ಮಾರುಕಟ್ಟೆಯಿಂದ ಮರೆಯಾಯಿತು.

ಕಂಪ್ಯೂಟರ್ ಬಂದ ಮೇಲೆ ಮಣೆ ಮತ್ತೆ ಹಿಗ್ಗಿತು. 1981ರ ಐಬಿಎಂ ಪಿಸಿಯಲ್ಲಿ 83 ಕೀಲಿಗಳಿದ್ದವು. ಅದೇ ದಶಕದ ನಡುವಿನಲ್ಲಿ ಅವು 101 ಆದವು. ಅಂಕಿಗಳಿಗೆ ಬೇರೆ ಚೌಕ, ಬಾಣದ ಗುರುತುಗಳಿಗೆ ಬೇರೆ ಗುಂಪು. ದಿನವಿಡೀ ಅಂಕಿ ತುಂಬುವ ಗುಮಾಸ್ತರಿಗೆ ಇದು ನಿಜವಾದ ಉಪಕಾರ, ಇಂದಿಗೂ ಲೆಕ್ಕಪತ್ರದವರು ಅದನ್ನು ಬಿಡಬೇಕಿಲ್ಲ. ಉಳಿದವರು ಮಾತ್ರ ಬಳಸದ ಚೌಕಕ್ಕೆ ಬೆಲೆ ತೆರಬೇಕಾಯಿತು: ಮೌಸ್ ಒಂದು ಗೇಣಿನಷ್ಟು ಬಲಕ್ಕೆ ಸರಿಯಿತು, ತೋಳು ಪ್ರತಿಬಾರಿ ಹೊರಚಾಚಬೇಕಾಯಿತು. ‘ಎ’ ಪಕ್ಕದಲ್ಲಿದ್ದ ಕಂಟ್ರೋಲ್ ಮೂಲೆಗೆ ಹೋಗಿ, ಆ ಒಳ್ಳೆಯ ಜಾಗದಲ್ಲಿ ಅಪರೂಪಕ್ಕೆ ಬೇಕಾಗುವ ಕ್ಯಾಪ್ಸ್ ಲಾಕ್ ಕೂತಿತು.

ಇದನ್ನು ಸರಿಪಡಿಸಲು ಹೊರಟವರು ಟೋಕಿಯೊ ವಿಶ್ವವಿದ್ಯಾಲಯದ ಗಣಕ ವಿಜ್ಞಾನಿ ಈಇಚಿ ವಾಡಾ. ಅವರ ವಿನ್ಯಾಸದಂತೆ ಪಿಎಫ್‌ಯು ಕಂಪನಿ 1996ರಲ್ಲಿ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡನ್ನು ಹೊರತಂದಿತು. ಕಂಪ್ಯೂಟರ್ ಹಳತಾದರೆ ಬದಲಾಗುತ್ತದೆ, ಕೀಬೋರ್ಡ್ ಕುದುರೆ ಸತ್ತರೂ ಸವಾರ ಬಿಡದ ಜೀನಿನಂತೆ ಜೊತೆಗಿರಬೇಕು ಎಂಬುದು ವಾಡಾ ಅವರ ನಿಲುವು. ಅದರಲ್ಲಿ ಕಂಟ್ರೋಲ್ ‘ಎ’ ಪಕ್ಕಕ್ಕೆ ಮರಳಿತು, ಡಿಲೀಟ್ ಕೀಲಿ ರಿಟರ್ನಿನ ನೆತ್ತಿಗೇ ಬಂತು. ಬಾಣದ ಕೀಲಿಗಳಿಲ್ಲ, ಬಲಗಡೆಯ ಶಿಫ್ಟಿನ ಪಕ್ಕದ ಎಫ್‌ಎನ್ ಒತ್ತಿ ಚೌಕಾವರಣ, ಅರ್ಧವಿರಾಮ, ಉದ್ಧರಣ ಚಿಹ್ನೆ ಮತ್ತು ಓರೆಗೆರೆಯ ಕೀಲಿಗಳನ್ನು ಒತ್ತಿದರೆ ಕರ್ಸರ್ ಮೇಲೆ, ಎಡಕ್ಕೆ, ಬಲಕ್ಕೆ, ಕೆಳಗೆ ಚಲಿಸುತ್ತದೆ. ಇದು ಶಿಫ್ಟಿನದೇ ತತ್ತ್ವ, ಇನ್ನೊಂದು ಪದರ ಮೇಲಕ್ಕೆ. 2003ರ ಪ್ರೊಫೆಷನಲ್ ಮಾದರಿಗೆ ಟೋಪ್ರೆ ಕಂಪನಿಯ ಸ್ವಿಚ್ಚುಗಳು ಬಂದವು. ಆಮೇಲೆ ಹವ್ಯಾಸಿಗಳೇ ಸರ್ಕ್ಯೂಟ್ ಬೋರ್ಡು, ಕ್ಯುಎಂಕೆಯಂಥ ಮುಕ್ತ ತಂತ್ರಾಂಶಗಳನ್ನು ಸಿದ್ಧಪಡಿಸಿದ್ದರಿಂದ ಯಾವ ಕೀಲಿಗೆ ಯಾವ ಕೆಲಸ ಎಂಬುದೂ ಬಳಸುವವರ ಕೈಗೇ ಬಂತು. ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಇದೇ. ಚೆರ್ರಿ ಕಂಪನಿಯ ಕೆಂಪು ಸ್ವಿಚ್ಚೋ ಕಂದೋ ಎಂಬುದು ಬೆರಳಿಗೆ ಬಿಟ್ಟ ರುಚಿ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಕೀಲಿಗಳ ವಿನ್ಯಾಸವನ್ನು.

ಇಷ್ಟೆಲ್ಲ ಪದರಗಳನ್ನು ನೆನಪಿಟ್ಟುಕೊಳ್ಳುವುದು ಹೊರೆಯಲ್ಲವೆ ಎಂದು ಕೇಳುವವರಿಗೆ ಕನ್ನಡದಲ್ಲಿ ಟೈಪ್ ಮಾಡುವವರನ್ನು ತೋರಿಸಬಹುದು. ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ನಮ್ಮ ಇಡೀ ವರ್ಣಮಾಲೆಯನ್ನು ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಅಡಕ ಮಾಡುತ್ತದೆ: ‘ಕೆ’ ಒತ್ತಿದರೆ ಕ, ಶಿಫ್ಟ್ ಸೇರಿದರೆ ಖ, ಒತ್ತಕ್ಷರಕ್ಕೆ ‘ಎಫ್’. ಈ ವಿನ್ಯಾಸವಿರುವ ‘ನುಡಿ’ ತಂತ್ರಾಂಶದಲ್ಲಿ ಬರೆಯುವವರು ಪದರಗಳನ್ನು ಲೆಕ್ಕಿಸದೆಯೇ ಪುಟಗಟ್ಟಲೆ ಬರೆಯುತ್ತಾರೆ, ಅವರಿಗೆ ಇನ್ನೊಂದು ಪದರ ಕೆಲವೇ ದಿನಗಳ ಅಭ್ಯಾಸ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರು ಮಾತ್ರ ಸ್ವಲ್ಪ ಎಚ್ಚರದಿಂದ ಆರಿಸಬೇಕು. ಅಲ್ಲಿ ಡ ಇರುವುದು ಚೌಕಾವರಣದ ಕೀಲಿಯಲ್ಲಿ, ಟ ಉದ್ಧರಣ ಚಿಹ್ನೆಯಲ್ಲಿ, ಋ ಸಂಕಲನ ಚಿಹ್ನೆಯಲ್ಲಿ. ಅಂಕಿಗಳ ಸಾಲನ್ನೇ ಕಿತ್ತುಹಾಕಿದ ನಲವತ್ತು ಚಿಲ್ಲರೆ ಕೀಲಿಗಳ ಮಣೆಯಲ್ಲಿ ಇವುಗಳಲ್ಲಿ ಕೆಲವು ಅಕ್ಷರಗಳು ಒಳಪದರಕ್ಕೆ ಜಾರಿ ಬರವಣಿಗೆ ಎಡವುತ್ತದೆ. ಅರವತ್ತು ಕೀಲಿಗಳದ್ದರಲ್ಲಿ ಅವೆಲ್ಲ ತಮ್ಮ ತಮ್ಮ ಜಾಗದಲ್ಲೇ ಇರುತ್ತವೆ.