ಗಾಲಿಯ ಸುತ್ತು, ದಾರಿಯ ಲೆಕ್ಕ

ವಾಕಡದ ಮಗ್ಗುಲಲ್ಲೇ ಹಾದುಹೋಗುವ ಮುಂಬಯಿ–ಬೆಂಗಳೂರು ಹೆದ್ದಾರಿ ಪುಣೆಯ ಕನ್ನಡಿಗರಾದ ನಮಗೆ ಊರಿನ ದಾರಿ. ಸಾತಾರಾ, ಕೊಲ್ಲಾಪುರ ಕಳೆದು ನಿಪ್ಪಾಣಿ ಮುಟ್ಟಿದರೆ ಕರ್ನಾಟಕ ಬಂದಂತೆ. ಅಲ್ಲಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ದಾವಣಗೆರೆಗಳನ್ನು ದಾಟಿ ಬೆಂಗಳೂರು ಸೇರುವ ಹೊತ್ತಿಗೆ ಸುಮಾರು 840 ಕಿಲೋಮೀಟರು ಆಗುತ್ತದೆ. ರಜೆ ಬಂತೆಂದರೆ ಮಕ್ಕಳುಮರಿಗಳೊಡನೆ ಕಾರಿನಲ್ಲಿ ಹೊರಡುವವರು ನಮ್ಮಲ್ಲಿ ಬಹಳ ಮಂದಿ. ಹೊರಡುವ ಮುನ್ನ ಸವೆದ ಟೈರು ಬದಲಿಸುವುದೂ ರೂಢಿ. ಆಗ ‘ಒಂದು ಅಳತೆ ದೊಡ್ಡದೇ ಇರಲಿ, ಗಾಡಿ ಎತ್ತರವಾಗುತ್ತದೆ’ ಎಂದು ಬೇರೆ ಟೈರು ಹಾಕಿಸುವವರೂ ಉಂಟು. ಅಂದಿನಿಂದ ಆ ಕಾರಿನ ಸ್ಪೀಡೋಮೀಟರು ಸುಳ್ಳು ಹೇಳತೊಡಗುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಇದು ಏಕೆಂದು ತಿಳಿಯಲು ಈ ಯಂತ್ರದ ಚರಿತ್ರೆಯನ್ನು ಕೊಂಚ ನೋಡಬೇಕು.

ಗಾಲಿಯ ಸುತ್ತು ಎಣಿಸಿ ದೂರ ಅಳೆಯುವ ಉಪಾಯ ಎರಡು ಸಾವಿರ ವರ್ಷಗಳಷ್ಟು ಹಳೆಯದು. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಅಂಥದೊಂದು ಬಂಡಿಯನ್ನು ವರ್ಣಿಸಿದ್ದಾನೆ. ಅದರ ಗಾಲಿ ಒಂದು ಸುತ್ತಿಗೆ ಹನ್ನೆರಡೂವರೆ ಅಡಿ ಸಾಗಬೇಕು. 400 ಸುತ್ತಾದರೆ 5,000 ಅಡಿ, ಅಂದರೆ ಒಂದು ರೋಮನ್ ಮೈಲಿ. ಮೈಲಿ ತುಂಬಿದಾಗಲೆಲ್ಲ ಒಂದು ಕಲ್ಲುಹರಳು ಕಂಚಿನ ಪಾತ್ರೆಗೆ ಠಣ್ಣೆಂದು ಬೀಳುತ್ತಿತ್ತು. ಗಾಲಿಯ ಅಳತೆ ತಪ್ಪಿದರೆ ಹರಳಿನ ಲೆಕ್ಕವೂ ತಪ್ಪಿದಂತೆಯೇ.

ಈಸ್ಟ್ ಇಂಡಿಯಾ ಕಂಪನಿಯ ಮೋಜಣಿದಾರರೂ ದಾರಿಯ ದೂರಕ್ಕೆ ‘ಪೆರಾಂಬುಲೇಟರ್’ ಎಂಬ ಎಣಿಕೆಯ ಗಾಲಿಯನ್ನು ಬಳಸುತ್ತಿದ್ದರು. ಹಳ್ಳದಿಣ್ಣೆಗಳಲ್ಲಿ ಉರುಳುವ ಗಾಲಿಯ ಲೆಕ್ಕ ನಿಖರವಾದೀತೆ? ಅದಕ್ಕೇ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಥರ್ಮಾಮೀಟರು ನೋಡಿ ಲೆಕ್ಕವನ್ನು ತಿದ್ದಿದ. ಅಳೆಯುವ ಸಾಧನವನ್ನೇ ಮೊದಲು ಅಳೆಯಬೇಕೆಂಬ ಪಾಠ ನಮ್ಮ ನಾಡಿನ ನೆಲದ ಮೇಲೆಯೇ ಹೀಗೆ ನಡೆದುಹೋಗಿದೆ.

ಮೋಟಾರು ಬಂದ ಮೇಲೆ ದೂರದ ಜೊತೆಗೆ ವೇಗವೂ ತಿಳಿಯಬೇಕಾಯಿತು. ಜರ್ಮನಿಯ ಓಟ್ಟೋ ಶುಲ್ಟ್ಸೆ 1902ರಲ್ಲಿ ಇದಕ್ಕೊಂದು ಪೇಟೆಂಟ್ ಪಡೆದ. ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸೆಳೆತಕ್ಕೆ ಪಕ್ಕದ ಲೋಹದ ಬಟ್ಟಲು, ಮುಟ್ಟದೆಯೇ, ಹೊರಳಲು ನೋಡುತ್ತದೆ. ಸಣ್ಣದೊಂದು ಸ್ಪ್ರಿಂಗು ಅದನ್ನು ತಡೆಯುತ್ತದೆ. ಈ ಜಗ್ಗಾಟದಲ್ಲಿ ಮುಳ್ಳು ನಿಲ್ಲುವ ಜಾಗವೇ ವೇಗ. ಅದೇ ಕೇಬಲ್ಲು ಕಿಲೋಮೀಟರಿನ ಅಂಕಿಗಳನ್ನೂ ಉರುಳಿಸುತ್ತದೆ. ಈಗಿನ ಕಾರುಗಳಲ್ಲಿ ಕೇಬಲ್ಲಿನ ಬದಲು ಸೆನ್ಸರು ಇದ್ದರೂ ತತ್ವ ಬದಲಾಗಿಲ್ಲ. ಮೀಟರಿಗೆ ರಸ್ತೆ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಸುತ್ತಿನ ಲೆಕ್ಕ ಮಾತ್ರ.

ಒಂದು ಉದಾಹರಣೆ ನೋಡೋಣ. 1983ರಲ್ಲಿ ರಸ್ತೆಗಿಳಿದು ಎಷ್ಟೋ ಮನೆಗಳ ಮೊದಲ ಕಾರಾದ ಮಾರುತಿ 800ಕ್ಕೆ ಹೆಚ್ಚಾಗಿ ಬರುತ್ತಿದ್ದುದು 145/70 ಆರ್ 12 ಟೈರು; ಅದರ ವ್ಯಾಸ ಸುಮಾರು 508 ಮಿಲಿಮೀಟರು. ಅದೇ ರಿಮ್ಮಿಗೆ 145/80 ಟೈರು ಕೂರಿಸಿದರೆ ವ್ಯಾಸ 537 ಆಗುತ್ತದೆ. ಮೊದಲು ಕಿಲೋಮೀಟರಿಗೆ 627 ಸುತ್ತು ಸುತ್ತುತ್ತಿದ್ದ ಗಾಲಿಗೆ ಈಗ 593 ಸಾಕು. ಮುಳ್ಳು 80 ತೋರಿಸುವಾಗ ಕಾರು ಓಡುವುದು 84.5ರ ಮೇಲೆ. ಬೆಂಗಳೂರಿನ 840 ಕಿಲೋಮೀಟರು ಮೀಟರಿನಲ್ಲಿ 795 ಆಗುತ್ತದೆ. ದಾರಿಗೆ 42 ಲೀಟರು ಪೆಟ್ರೋಲು ಹಿಡಿಯಿತೆನ್ನಿ. ನಿಜವಾಗಿ ಲೀಟರಿಗೆ 20 ಬಂದರೂ ಲೆಕ್ಕಕ್ಕೆ 19ಕ್ಕಿಂತ ಕಡಿಮೆ ಸಿಕ್ಕುತ್ತದೆ. ತಪ್ಪು ಟೈರಿನದು, ಬೈಗುಳ ಎಂಜಿನ್ನಿಗೆ!

ಹಣದ ಮಾತು ಹಾಗಿರಲಿ. ಘಾಟಿನ ತಿರುವಿನಲ್ಲಿ, ಶಾಲೆಯ ಮುಂದೆ, ಚಾಲಕನು ಮುಳ್ಳನ್ನು ನಂಬಿ ಬ್ರೇಕು ಒತ್ತುತ್ತಾನೆ. ಯುರೋಪಿನ ನಿಯಮಗಳ ಪ್ರಕಾರ ಮೀಟರು ನಿಜವಾದ ವೇಗಕ್ಕಿಂತ ಕೊಂಚ ಹೆಚ್ಚು ತೋರಿಸಬಹುದು, ಕಡಿಮೆ ಮಾತ್ರ ತೋರಿಸಕೂಡದು. ದೊಡ್ಡ ಟೈರು ಈ ರಕ್ಷಣೆಯನ್ನೇ ತಿಂದುಹಾಕುತ್ತದೆ. 1966ರಲ್ಲಿ ನಮ್ಮ ಪುಣೆಯಲ್ಲೇ ಸ್ಥಾಪನೆಯಾದ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾದಂಥ ಸಂಸ್ಥೆಗಳು ಹೊಸ ಮಾದರಿಗಳನ್ನು ಪರೀಕ್ಷಿಸುವುದು ಕಂಪನಿ ಗೊತ್ತುಪಡಿಸಿದ ಟೈರಿನೊಡನೆ. ನಾವು ಬದಲಿಸಿದ ಟೈರಿನೊಡನೆ ಅಲ್ಲ.

ಹಾಗಾದರೆ ತಿದ್ದುವುದು ಹೇಗೆ? ಮೊದಲು ಪರೀಕ್ಷೆ. ಹೆದ್ದಾರಿಯಲ್ಲಿ ಸಂಚಾರ ಕಡಿಮೆಯಿರುವ ಕಡೆ ಮುಳ್ಳನ್ನು 60ರಲ್ಲಿ ನಿಲ್ಲಿಸಿ ಐದು ಕಿಲೋಮೀಟರು ಹೋಗಬೇಕು. ಗಡಿಯಾರ ಪಕ್ಕದಲ್ಲಿ ಕುಳಿತವರ ಕೈಯಲ್ಲಿರಲಿ, ಚಾಲಕನ ಕಣ್ಣು ರಸ್ತೆಯ ಮೇಲಿರಲಿ. ಕಲ್ಲಿನಿಂದ ಕಲ್ಲಿಗೆ 300 ಸೆಕೆಂಡು ಹಿಡಿದರೆ ಮೀಟರು ಸರಿ. 284 ಸೆಕೆಂಡಿಗೇ ಮುಗಿದರೆ ನಿಜವಾದ ವೇಗ 63ರ ಮೇಲಿದೆ ಎಂದು ತಿಳಿಯಬೇಕು. ಮೊಬೈಲಿನ ಜಿಪಿಎಸ್ ಗಾಲಿಯನ್ನು ಎಣಿಸುವುದಿಲ್ಲವಾದ್ದರಿಂದ ಅದರೊಡನೆಯೂ ಹೋಲಿಸಿ ನೋಡಬಹುದು.

ಕೇಬಲ್ಲಿನ ಕಾರಾದರೆ ಗೇರ್‌ಬಾಕ್ಸಿನಲ್ಲಿ ಕೇಬಲ್ಲನ್ನು ತಿರುಗಿಸುವ ಪುಟ್ಟ ಗೇರನ್ನು ಹಲ್ಲಿನ ಸಂಖ್ಯೆ ನೋಡಿ ಬದಲಿಸುವುದು ಸರಿಯಾದ ದಾರಿ. ಬರೀ ಸ್ಪ್ರಿಂಗು ತಿದ್ದಿದರೆ ಮುಳ್ಳು ಸರಿಯಾದೀತು, ಕಿಲೋಮೀಟರಿನ ಅಂಕಿ ತಪ್ಪಾಗಿಯೇ ಉಳಿಯುತ್ತದೆ. ಆಯಿಲ್ ಬದಲಿಸುವ ದಿನವೂ, ಕಾರು ಮಾರುವಾಗ ಕೊಳ್ಳುವವರಿಗೆ ಹೇಳುವ ಓಟವೂ ಸುಳ್ಳಾಗುತ್ತದೆ. ಎಲೆಕ್ಟ್ರಾನಿಕ್ ಮೀಟರಾದರೆ ಎಷ್ಟೋ ಮಾದರಿಗಳಲ್ಲಿ ಟೈರಿನ ಅಳತೆಯನ್ನು ಕಾರಿನ ಕಂಪ್ಯೂಟರಿಗೆ ತಿಳಿಸಿ ಸರಿಪಡಿಸಲು ಬರುತ್ತದೆ. ಇದಾವುದೂ ಆಗದಿದ್ದರೆ ಕಂಪನಿಯ ಅಳತೆಗೇ ಮರಳುವುದು ಜಾಣತನ.

ಟೈರಿನ ಅಂಗಡಿಗೆ ಹೋಗುವ ಮುನ್ನ ಕಾರಿನ ಪುಸ್ತಕ ತೆರೆದು ಅಳತೆಯ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗೋಣ. ಆ ಚೀಟಿ ಬರೆಯಲು ಒಂದು ನಿಮಿಷ ಸಾಕು. ಹಿಂದಿನ ಸೀಟಿನಲ್ಲಿ ನಿದ್ದೆಹೋಗಿರುವ ಮಕ್ಕಳ ಸಲುವಾಗಿ ಅಷ್ಟು ಮಾಡುವುದು ದೊಡ್ಡದೇನಲ್ಲ.