ಟಿಕ್ಯಾಸ್ ಮತ್ತು ಪೈಲಟ್: ಅನುಭವಕ್ಕೆ ನಿಲುಕದ ನಂಬಿಕೆ

ಸ್ವಯಂಚಾಲಿತ ವ್ಯವಸ್ಥೆಯ ಮೇಲಿನ ನಂಬಿಕೆ ಬಳಸುತ್ತ ಬಳಸುತ್ತ ಕುದುರುತ್ತದೆ ಎಂಬುದು ಸಂಶೋಧಕರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಜಾನ್ ಲೀ ಮತ್ತು ನೆವಿಲ್ ಮೊರೆ 1992ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೊಂದು ಆಧಾರ. ಪಾಶ್ಚರೀಕರಣ ಘಟಕದ ಕಂಪ್ಯೂಟರ್ ಮಾದರಿಯನ್ನು ನಡೆಸಿದವರಲ್ಲಿ, ಯಂತ್ರ ಕೈಕೊಟ್ಟಾಗ ಕುಸಿದ ನಂಬಿಕೆ ನಿಧಾನವಾಗಿ ಚೇತರಿಸಿಕೊಂಡಿತು. ಆದರೆ ಅಲ್ಲಿ ಯಂತ್ರದ ಕೆಲಸ ಸದಾ ಕಣ್ಣೆದುರಿಗಿತ್ತು. ಬಹುಕಾಲ ಸುಮ್ಮನಿದ್ದು ಅಪರೂಪಕ್ಕೆ ಬಾಯಿಬಿಡುವ ವ್ಯವಸ್ಥೆಗೆ ಈ ತೀರ್ಮಾನ ಎಷ್ಟರಮಟ್ಟಿಗೆ ಸಲ್ಲುತ್ತದೆ?

ವಿಮಾನಗಳ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಅಂಥದ್ದು. ಎರಡು ವಿಮಾನಗಳ ಉಪಕರಣಗಳು ಪರಸ್ಪರ ಸಂಕೇತ ಕಳಿಸಿಕೊಂಡು, ಅಪಾಯ ಕಂಡರೆ ಒಬ್ಬ ಪೈಲಟ್‌ಗೆ ಏರಲು, ಇನ್ನೊಬ್ಬರಿಗೆ ಇಳಿಯಲು ಹೇಳುತ್ತವೆ. 2001ರ ಜನವರಿ 31ರಂದು ಜಪಾನಿನ ಆಕಾಶದಲ್ಲಿ ಟಿಕ್ಯಾಸ್ ಏರಲು ಹೇಳಿದರೂ ಒಬ್ಬ ಪೈಲಟ್ ನೆಲದಲ್ಲಿರುವ ವಾಯು ಸಂಚಾರ ನಿಯಂತ್ರಕರ ಮಾತಿನಂತೆ ಇಳಿದರು. ಜಪಾನ್ ಏರ್‌ಲೈನ್ಸ್‌ನ ಎರಡು ವಿಮಾನಗಳು ಕೂದಲೆಳೆಯಲ್ಲಿ ಪಾರಾದವು. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಬಳಿ ಅದೇ ಗೊಂದಲ ಮರುಕಳಿಸಿತು. ಏರಬೇಕಿದ್ದ ರಷ್ಯದ ಟುಪೊಲೆವ್ ನಿಯಂತ್ರಕರ ಆದೇಶದಂತೆ ಇಳಿಯಿತು. ಸರಕು ಸಾಗಿಸುತ್ತಿದ್ದ ಬೋಯಿಂಗ್ ಟಿಕ್ಯಾಸ್ ಹೇಳಿದಂತೆ ಇಳಿಯಿತು. ಎರಡೂ ಡಿಕ್ಕಿ ಹೊಡೆದವು. ಸತ್ತವರು 71 ಜನ, ಬಹುಪಾಲು ಮಕ್ಕಳು.

ಟುಪೊಲೆವ್ ಸಿಬ್ಬಂದಿಗೆ ಯಂತ್ರದ ಮೇಲೆ ನಂಬಿಕೆಯಿರಲಿಲ್ಲ ಎಂದು ಷರಾ ಬರೆದುಬಿಡುವುದು ಸುಲಭ. ಜರ್ಮನಿಯ ತನಿಖಾ ಸಂಸ್ಥೆಯ 2004ರ ವರದಿ ಅಷ್ಟಕ್ಕೇ ನಿಲ್ಲಲಿಲ್ಲ. ಟಿಕ್ಯಾಸ್ ಕುರಿತ ಅಂತರರಾಷ್ಟ್ರೀಯ ನಿಯಮಗಳು, ತಯಾರಕರ ಸೂಚನೆಗಳು, ವಿಮಾನ ಕಂಪನಿಗಳ ಕಾರ್ಯವಿಧಾನಗಳು ಅಪೂರ್ಣವಾಗಿದ್ದವು, ಕೆಲವೆಡೆ ಒಂದಕ್ಕೊಂದು ವಿರುದ್ಧವಾಗಿದ್ದವು ಎಂದು ಅದು ಹೇಳಿತು. ನಿಯಮ ಸ್ಪಷ್ಟವಿಲ್ಲದಾಗ ಪೈಲಟ್‌ಗೆ ಉಳಿಯುವುದು ಅನುಭವವೊಂದೇ. ಸಮಸ್ಯೆಯ ಬೇರು ಇಲ್ಲಿದೆ. ನಿಯಂತ್ರಕರ ದನಿ ಪೈಲಟ್‌ಗೆ ನಿತ್ಯದ್ದು. ಅದು ಸರಿಯಿರುವುದನ್ನು ಅವರು ಮತ್ತೆ ಮತ್ತೆ ಕಂಡಿರುತ್ತಾರೆ. ಟಿಕ್ಯಾಸ್ ಆದೇಶವನ್ನು ಪಾಲಿಸಿ ಪಾರಾದರೂ, ಪಾಲಿಸದಿದ್ದರೆ ಏನಾಗುತ್ತಿತ್ತು ಎಂಬುದು ಗೊತ್ತಾಗುವುದೇ ಇಲ್ಲ. ಅನಗತ್ಯವೆನಿಸಿದ ಎಚ್ಚರಿಕೆ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಅನುಭವವನ್ನಷ್ಟೇ ನೆಚ್ಚಿದರೆ ಗೆಲ್ಲುವುದು ಮನುಷ್ಯನ ದನಿಯೇ.

ಹೀಗಾಗಿ ನಂಬಿಕೆಯನ್ನು ನಿಯಮ ಮತ್ತು ತರಬೇತಿಗಳಿಂದ ಕಟ್ಟಬೇಕಾಯಿತು. 2003ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಯಮ ತಿದ್ದಿ, ಆದೇಶಗಳು ಘರ್ಷಿಸಿದರೆ ಟಿಕ್ಯಾಸ್ ಮಾತನ್ನೇ ಪಾಲಿಸಬೇಕೆಂದು ಸ್ಪಷ್ಟಪಡಿಸಿತು. ಎದುರಿನ ವಿಮಾನದ ಅಪರಿಚಿತ ಪೈಲಟ್ ಕೂಡ ಹಾಗೆಯೇ ಮಾಡುತ್ತಾರೆಂಬ ಭರವಸೆ ಈ ನಿಯಮದಿಂದಲೇ ಬರಬೇಕು. ಅದನ್ನು ಯಾವ ಹಾರಾಟದ ಅನುಭವವೂ ಕೊಡಲಾರದು. ಪೈಲಟ್ ರೇಡಿಯೊದಲ್ಲಿ ‘ಟಿಕ್ಯಾಸ್ ಆರ್‌ಎ’ (ಟಿಕ್ಯಾಸ್ ಆದೇಶ ಬಂದಿದೆ) ಎಂದೊಡನೆ ನಿಯಂತ್ರಕರು ಆ ವಿಮಾನದ ದಾರಿ ಬದಲಿಸುವ ಆದೇಶ ಕೊಡಕೂಡದು. ಆ ಮಾತು ರೇಡಿಯೊದಲ್ಲಿ ಬರುವುದು ತಡವಾದರೆ, ನಡುವಿನ ಕೆಲವು ಸೆಕೆಂಡುಗಳಲ್ಲಿ ಊಬರ್‌ಲಿಂಗನ್‌ನ ಗೊಂದಲಕ್ಕೆ ಇನ್ನೂ ಎಡೆಯಿದೆ.